ನಿಯಂತ್ರಣ ಗುಂಪಿನ ಇಲಿಯ ಇಸಿಜಿ: ಸಹಜ ಎನ್ನುವುದು ಯಾವ ಸ್ಥಿತಿಯಲ್ಲಿ?

ಪ್ರಶ್ನೆ: ನಾನು ಔಷಧ ವಿಜ್ಞಾನದಲ್ಲಿ ಎಂ.ಫಾರ್ಮ್ ಮಾಡುತ್ತಿದ್ದೇನೆ. ವಿಸ್ಟರ್ ತಳಿಯ ಇಲಿಗಳಿಗೆ ಐಸೊಪ್ರೊಟೆರಿನಾಲ್ ಎಂಬ ಔಷಧ ಕೊಟ್ಟು ಹೃದಯದ ಸ್ನಾಯುವಿಗೆ ಹಾನಿ ಮಾಡಿ, ಒಂದು ಸಸ್ಯಸಾರ ಆ ಹಾನಿಯನ್ನು ತಡೆಯುತ್ತದೆಯೇ ಎಂದು ನೋಡುವುದು ನನ್ನ ಪ್ರಬಂಧದ ವಿಷಯ. ಆದರೆ ಏನನ್ನೂ ಕೊಡದ ನಿಯಂತ್ರಣ ಗುಂಪಿನ ಇಲಿಗಳಲ್ಲೇ ಗೊಂದಲವಾಗಿದೆ. ಅರಿವಳಿಕೆಗೆ ಕೆಟಮಿನ್ 80, ಜೈಲಜೀನ್ 10 ಮಿ.ಗ್ರಾಂ/ಕೆ.ಜಿ. ಕೊಟ್ಟು, ಮೇಜಿನ ಮೇಲೆ ಹತ್ತಿ ಹಾಸಿ ಮಲಗಿಸಿ ಇಸಿಜಿ ತೆಗೆದರೆ ಹೃದಯಬಡಿತ ನಿಮಿಷಕ್ಕೆ 230ರಿಂದ 250 ಬರುತ್ತಿದೆ. ಪುಸ್ತಕಗಳಲ್ಲಿ 300ರಿಂದ 400 ಎಂದಿದೆ. ತಂತ್ರಾಂಶವು ಈ ಇಲಿಗಳಿಗೂ ‘ಎಸ್‌ಟಿ ಏರಿಕೆ’ (ಮನುಷ್ಯರಲ್ಲಿ ಹೃದಯಸ್ನಾಯುವಿನ ಹಾನಿಯ ಕುರುಹು) ಎಂದು ಗುರುತು ಹಾಕುತ್ತದೆ. ಯಂತ್ರ ಸೆಕೆಂಡಿಗೆ 400 ಬಾರಿ ಮಾದರಿ ತೆಗೆಯುತ್ತದೆ, 50 ಹರ್ಟ್ಸ್ ಫಿಲ್ಟರ್ ಹಾಕಿದ್ದೇನೆ. ಇಲಿಗಳಿಗೇನಾದರೂ ಕಾಯಿಲೆಯೇ? ಸುಂಡಿಲಿಗಳನ್ನು ಬಳಸಿದ್ದರೆ ಸುಲಭವಾಗುತ್ತಿತ್ತೇ?

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ಇಲಿಗಳು ಆರೋಗ್ಯವಾಗಿಯೇ ಇರುವ ಸಂಭವ ಹೆಚ್ಚು. ಪುಸ್ತಕದಲ್ಲಿರುವ 300–400 ಎಂಬ ಅಂಕಿ ಎಚ್ಚರವಾಗಿರುವ, ಗಾಬರಿಗೊಳ್ಳದ ಇಲಿಯದ್ದು. ನೀವು ಅಳೆದಿರುವುದು ಜೈಲಜೀನ್ ಪಡೆದ, ಮೈ ತಣ್ಣಗಾಗುತ್ತಿರುವ ಇಲಿಯನ್ನು. ಈ ಎರಡೂ ಅಂಕಿಗಳು ತಮ್ಮ ತಮ್ಮ ಸ್ಥಿತಿಯಲ್ಲಿ ಸಹಜವೇ. ಇಲಿ, ಸುಂಡಿಲಿಯಂಥ ದಂಶಕಗಳ ಇಸಿಜಿಯಲ್ಲಿ ಸಹಜ ಮೌಲ್ಯವನ್ನು ಪ್ರಾಣಿಯ ಹೆಸರಿನ ಮುಂದೆ ಮಾತ್ರ ಬರೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ಯಾವ ಅರಿವಳಿಕೆ, ಎಷ್ಟು ದೇಹೋಷ್ಣ, ಹಗಲೋ ರಾತ್ರಿಯೋ, ಯಾವ ಉಪಕರಣ ಎಂಬುದನ್ನೂ ಅದರ ಜೊತೆಗೇ ಹೇಳಬೇಕಾಗುತ್ತದೆ. ನಿಮ್ಮ ಪ್ರಶ್ನೆಯ ಬೇರೆ ಬೇರೆ ಭಾಗಗಳಿಗೆ ನಾನು ಕೊಡುವ ಉತ್ತರವೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ. ಪ್ರಯೋಗಾಲಯದಲ್ಲಿ ಮೌಸ್ ಎಂದು ಕರೆಯುವ ಚಿಕ್ಕ ಪ್ರಾಣಿಯನ್ನು ನಿಮ್ಮ ಹಾಗೆಯೇ ನಾನೂ ಸುಂಡಿಲಿ ಎನ್ನುತ್ತೇನೆ. ಇಲಿ ಎಂದಾಗ ವಿಸ್ಟರ್, ಸ್ಪ್ರಾಗ್ ಡಾಲಿಯಂಥ ದೊಡ್ಡ ಇಲಿ ಎಂದು ತಿಳಿಯಿರಿ.

ಮೊದಲು ಗಾತ್ರದ ವಿಚಾರ. ಸಸ್ತನಿಗಳಲ್ಲಿ ದೇಹದ ತೂಕ 16 ಪಟ್ಟು ಹೆಚ್ಚಿದರೆ ಹೃದಯಬಡಿತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕದ ಪ್ರಕಾರ 25 ಗ್ರಾಂ ತೂಕದ ಸುಂಡಿಲಿಗೆ ನಿಮಿಷಕ್ಕೆ 600, 250 ಗ್ರಾಂ ಇಲಿಗೆ 340, ಅರ್ಧ ಕೆ.ಜಿ. ಗಿನಿಪಿಗ್‌ಗೆ 290ರ ಆಸುಪಾಸು ಬರುತ್ತದೆ. ಎಚ್ಚರದ ಪ್ರಾಣಿಗಳಲ್ಲಿ ಅಳೆದಾಗ ಸಿಗುವ ಮೌಲ್ಯಗಳೂ ಇದರಿಂದ ಬಹಳ ದೂರವಿಲ್ಲ. ಆದರೆ ಇಸಿಜಿಯ ಎಲ್ಲ ಅಂತರಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಇಸಿಜಿಯಲ್ಲಿ ಪಿ ಅಲೆ ಹೃತ್ಕರ್ಣದ ಪ್ರಚೋದನೆಯನ್ನು, ಕ್ಯೂಆರ್‌ಎಸ್ (ಅದರ ಶಿಖರ ಆರ್) ಹೃತ್ಕುಕ್ಷಿಯ ಪ್ರಚೋದನೆಯನ್ನು, ಟಿ ಅಲೆ ಹೃತ್ಕುಕ್ಷಿ ಮೊದಲ ಸ್ಥಿತಿಗೆ ಮರಳುವುದನ್ನು ತೋರಿಸುತ್ತವೆ. ಪಿಆರ್ ಎಂದರೆ ಪಿ ಅಲೆಯ ಆರಂಭದಿಂದ ಕ್ಯೂಆರ್‌ಎಸ್‌ನ ಆರಂಭದವರೆಗಿನ ಕಾಲ, ಕ್ಯೂಟಿ ಎಂದರೆ ಕ್ಯೂಆರ್‌ಎಸ್‌ನ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಕಾಲ. ಮನುಷ್ಯನಿಗೂ ಸುಂಡಿಲಿಗೂ ಹೃದಯಬಡಿತದಲ್ಲಿ ಎಂಟು ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೂ ಪಿಆರ್ ಅಂತರದಲ್ಲಿ ಇರುವುದು ನಾಲ್ಕು ಪಟ್ಟು ಮಾತ್ರ: ಮನುಷ್ಯನಲ್ಲಿ 120ರಿಂದ 200 ಮಿಲಿಸೆಕೆಂಡ್, ಸುಂಡಿಲಿಯಲ್ಲಿ 30ರಿಂದ 45. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ದಾಟುವಾಗ ಎವಿ ಗಂಟಿನಲ್ಲಿ ಆಗುವ ವಿಳಂಬ, ಹೃತ್ಕುಕ್ಷಿ ತುಂಬಿಕೊಳ್ಳಲು ಬೇಕಾದ ಬಿಡುವು. ಅದನ್ನು ಅಷ್ಟಾಗಿ ಕಡಿಮೆ ಮಾಡಲಾಗದು. ಕ್ಯೂಆರ್‌ಎಸ್ ಮಾತ್ರ ಮನುಷ್ಯನ 80–100 ಮಿಲಿಸೆಕೆಂಡಿನಿಂದ ಸುಂಡಿಲಿಯ ಹತ್ತು ಮಿಲಿಸೆಕೆಂಡಿಗೆ ಇಳಿಯುತ್ತದೆ, ಏಕೆಂದರೆ ಸಂಕೇತ ಕ್ರಮಿಸಬೇಕಾದ ದೂರವೇ ಅಷ್ಟು ಚಿಕ್ಕದು.

ಎಚ್ಚರವಾಗಿ ತನ್ನ ಗೂಡಿನಲ್ಲಿರುವ ಇಲಿಯಲ್ಲಿ ಬಡಿತ 300ರಿಂದ 400, ಪಿಆರ್ 40ರಿಂದ 55 ಮಿಲಿಸೆಕೆಂಡ್, ಕ್ಯೂಆರ್‌ಎಸ್ 15ರಿಂದ 25, ಕ್ಯೂಟಿ ಸುಮಾರು 60ರಿಂದ 90 ಎಂದು ಇಟ್ಟುಕೊಳ್ಳಬಹುದು. ಸುಂಡಿಲಿಯಲ್ಲಿ ಬಡಿತ 450ರಿಂದ 650, ಓಡಾಡುವಾಗ 700ನ್ನೂ ದಾಟುತ್ತದೆ. ಗಿನಿಪಿಗ್‌ನಲ್ಲಿ 200ರಿಂದ 280, ಕ್ಯೂಟಿ 130ರಿಂದ 180. ಇವನ್ನು ಆರೋಗ್ಯದ ಗಡಿರೇಖೆಗಳೆಂದು ತಿಳಿಯಬೇಡಿ. ತಳಿ, ಲಿಂಗ, ವಯಸ್ಸುಗಳಿಂದ ಇವು ಬದಲಾಗುತ್ತವೆ. ಅಲೆಯ ಕೊನೆಯನ್ನು ಯಾರು ಎಲ್ಲಿ ಗುರುತಿಸಿದರು ಎಂಬುದರಿಂದಲೂ ಬದಲಾಗುತ್ತವೆ.

ಈಗ ನಿಮ್ಮ 240ಕ್ಕೆ ಬರೋಣ. ಜೈಲಜೀನ್ ಆಲ್ಫಾ-2 ಗ್ರಾಹಕಗಳನ್ನು ಪ್ರಚೋದಿಸಿ ಮಿದುಳಿನಿಂದ ಹೊರಟು ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಸಂಕೇತವನ್ನು ತಗ್ಗಿಸುತ್ತದೆ, ಬಡಿತವನ್ನು ನಿಧಾನಿಸುವ ವೇಗಸ್ ನರದ ಕೈ ಮೇಲಾಗುತ್ತದೆ. ಹೃದಯಬಡಿತ ಕುಸಿಯುವುದರ ಜೊತೆಗೆ ಪಿಆರ್ ಉದ್ದವಾಗುತ್ತದೆ, ಕೆಲವು ಪ್ರಾಣಿಗಳಲ್ಲಿ ಒಂದೆರಡು ಪಿ ಅಲೆಗಳ ಹಿಂದೆ ಕ್ಯೂಆರ್‌ಎಸ್ ಬಾರದೆ ಹೋಗುವುದೂ ಉಂಟು. ಕೆಟಮಿನ್ ಇದರ ವಿರುದ್ಧ ದಿಕ್ಕಿನಲ್ಲಿ ಎಳೆದರೂ ಈ ಪ್ರಮಾಣದಲ್ಲಿ ಜೈಲಜೀನ್‌ನದೇ ಮೇಲುಗೈ. ಹೀಗಾಗಿ ಈ ಜೋಡಿ ಅರಿವಳಿಕೆಯಲ್ಲಿ ಇಲಿಗೆ 220ರಿಂದ 280 ಬರುವುದು ನಿರೀಕ್ಷಿತವೇ. ಅದೇ ಇಲಿಗೆ ಉಸಿರಿನ ಮೂಲಕ ಶೇ 1.5ರಿಂದ 2ರ ಐಸೊಫ್ಲುರೇನ್ ಅರಿವಳಿಕೆ ಕೊಟ್ಟು ಮೈ ಬೆಚ್ಚಗಿಟ್ಟರೆ 320ಕ್ಕಿಂತ ಮೇಲೆ ಬರುತ್ತದೆ. ಐಸೊಫ್ಲುರೇನ್ ಹೃದಯದ ಮೇಲೆ ಪರಿಣಾಮವನ್ನೇ ಬೀರುವುದಿಲ್ಲ ಎಂದಲ್ಲ, ಅದೂ ರಕ್ತದೊತ್ತಡ ಇಳಿಸುತ್ತದೆ. ಆದರೆ ಅದರ ಆಳವನ್ನು ನಿಮಿಷ ನಿಮಿಷಕ್ಕೂ ನಿಯಂತ್ರಿಸಬಹುದು, ಪ್ರಾಣಿ ಬೇಗ ಎಚ್ಚರಗೊಳ್ಳುತ್ತದೆ, ಮತ್ತೆ ಮತ್ತೆ ಅಳೆಯಬಹುದು. ಅದನ್ನು ಆವಿಯಾಗಿಸಿ ಕೊಡುವ ವೇಪರೈಸರ್ ಇಲ್ಲದ ಕಾಲೇಜುಗಳು ಅನೇಕವಿವೆ ಎಂಬುದು ನನಗೆ ಗೊತ್ತು. ಅಂಥಲ್ಲಿ ಕೆಟಮಿನ್-ಜೈಲಜೀನ್ ಬಳಸುವುದು ತಪ್ಪಲ್ಲ. ಆದರೆ ಚುಚ್ಚಿದ ಮೇಲೆ ಎಷ್ಟನೇ ನಿಮಿಷಕ್ಕೆ ಇಸಿಜಿ ತೆಗೆಯುವಿರಿ ಎಂಬುದನ್ನು ನಿಗದಿಪಡಿಸಿ, ಎಲ್ಲ ಗುಂಪುಗಳಿಗೂ ಅದನ್ನೇ ಪಾಲಿಸಬೇಕು. ಒಂದು ಇಲಿಯನ್ನು ಹತ್ತನೇ ನಿಮಿಷಕ್ಕೆ, ಇನ್ನೊಂದನ್ನು ನಲವತ್ತನೇ ನಿಮಿಷಕ್ಕೆ ಅಳೆದರೆ ಆ ಎರಡರ ನಡುವೆ ಕಾಣುವ ವ್ಯತ್ಯಾಸ ಸಸ್ಯಸಾರದ್ದೋ ಜೈಲಜೀನ್‌ನದೋ ಎಂದು ಆಮೇಲೆ ಯಾರೂ ಹೇಳಲಾರರು.

ಹತ್ತಿ ಹಾಸಿದ ಮೇಜು ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ ವಿವರ. ಚಿಕ್ಕ ಪ್ರಾಣಿಗೆ ತೂಕದ ಲೆಕ್ಕದಲ್ಲಿ ಮೈಯ ಹೊರಮೈ ಬಹಳ ದೊಡ್ಡದು; ಅರಿವಳಿಕೆಯಲ್ಲಿ ನಡುಕವೂ ನಿಂತಿರುತ್ತದೆ, ಚರ್ಮದ ರಕ್ತನಾಳಗಳ ಹಿಡಿತವೂ ಸಡಿಲಗೊಂಡಿರುತ್ತದೆ. ಶಾಖ ಒದಗಿಸದಿದ್ದರೆ ಇಲಿಯ ದೇಹೋಷ್ಣ ಒಂದು ಗಂಟೆಯೊಳಗೆ ಹಲವು ಡಿಗ್ರಿ ಇಳಿಯಬಲ್ಲದು, ಸುಂಡಿಲಿಯದು ಇನ್ನೂ ಬೇಗ. ಮೈ ತಣ್ಣಗಾದರೆ ಪೇಸ್‌ಮೇಕರ್ ಕೋಶಗಳು ನಿಧಾನವಾಗುತ್ತವೆ, ಅಯಾನು ನಾಳಗಳು ತೆರೆದು ಮುಚ್ಚುವುದೂ ತಡವಾಗುತ್ತದೆ. ಆದ್ದರಿಂದ ಪಿಆರ್, ಕ್ಯೂಆರ್‌ಎಸ್, ಕ್ಯೂಟಿ ಮೂರೂ ಉದ್ದವಾಗುತ್ತವೆ. ಅಂದರೆ ಔಷಧದ ಪರಿಣಾಮವೆಂದು ನೀವು ಹುಡುಕುತ್ತಿರುವ ಬದಲಾವಣೆಗಳನ್ನೆಲ್ಲ ಚಳಿಯೊಂದೇ ತಂದುಬಿಡಬಹುದು. ಗುದದ್ವಾರದಲ್ಲಿ ಉಷ್ಣತಾ ಶೋಧಕ ಇಟ್ಟು, ಅದರ ಸೂಚನೆಯಂತೆ ತಾನೇ ಏರಿಳಿಯುವ ಕಾವಿನ ಹಾಸನ್ನು ಕೆಳಗೆ ಹಾಕಿ, ದೇಹೋಷ್ಣವನ್ನು 37 ಡಿಗ್ರಿಗೆ ಅರ್ಧ ಡಿಗ್ರಿ ಆಚೀಚೆ ನಿಲ್ಲಿಸಿದ ಮೇಲೆಯೇ ದಾಖಲೆ ಶುರುಮಾಡಿ. ಮೇಜಿನ ಮೇಲೆ ಬಲ್ಬ್ ತೂಗುಬಿಡುವ ವಾಡಿಕೆಯನ್ನು ಬಿಡುವುದು ಒಳ್ಳೆಯದು. ಎಷ್ಟು ಶಾಖ ತಲುಪುತ್ತಿದೆ ಎಂದು ತಿಳಿಯುವುದಿಲ್ಲ, ಮೈ ಅತಿಯಾಗಿ ಬಿಸಿಯಾದರೂ ಅಪಾಯವೇ.

ಇನ್ನು ಎಸ್‌ಟಿ ಏರಿಕೆ. ನಿಮ್ಮ ಪ್ರಶ್ನೆಯ ಅತ್ಯಂತ ಮುಖ್ಯ ಭಾಗ ಇದು, ಪ್ರಕಟವಾದ ಬರಹಗಳಲ್ಲೂ ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಮನುಷ್ಯನ ಹೃತ್ಕುಕ್ಷಿಯ ಕೋಶ ಒಮ್ಮೆ ವಿಧ್ರುವೀಕರಣಗೊಂಡರೆ, ಅಂದರೆ ವಿದ್ಯುತ್ ಪ್ರಚೋದನೆಗೆ ಒಳಗಾದರೆ, 250–300 ಮಿಲಿಸೆಕೆಂಡ್ ಅದೇ ಮಟ್ಟದ ಸುತ್ತ ನಿಲ್ಲುತ್ತದೆ. ಎಲ್ಲ ಕೋಶಗಳೂ ಒಂದೇ ಮಟ್ಟದಲ್ಲಿ ನಿಂತಿರುವ ಆ ಹೊತ್ತಿನಲ್ಲಿ ಅವುಗಳ ನಡುವೆ ವಿದ್ಯುತ್ ವ್ಯತ್ಯಾಸ ಇರುವುದಿಲ್ಲವಾದ್ದರಿಂದ ಇಸಿಜಿಯಲ್ಲಿ ಸಪಾಟಾದ ಎಸ್‌ಟಿ ಭಾಗ ಕಾಣುತ್ತದೆ. ಇಲಿ ಮತ್ತು ಸುಂಡಿಲಿಯ ಕೋಶಗಳಿಗೆ ಇಂಥ ನಿಲುಗಡೆ ಇಲ್ಲ. ಅವುಗಳಲ್ಲಿ ತಟ್ಟನೆ ತೆರೆದು ಮುಚ್ಚುವ, ಪೊಟ್ಯಾಸಿಯಂ ಅನ್ನು ಹೊರಬಿಡುವ ಒಂದು ಪ್ರವಾಹ ಬಹಳ ಪ್ರಬಲವಾಗಿದೆ. ಅದು ವಿಧ್ರುವೀಕರಣದ ಬೆನ್ನಿಗೇ ಮರುಧ್ರುವೀಕರಣವನ್ನು, ಅಂದರೆ ಮೊದಲ ಸ್ಥಿತಿಗೆ ಮರಳುವುದನ್ನು, ಶುರುಮಾಡಿಬಿಡುತ್ತದೆ. ಸುಂಡಿಲಿಯಲ್ಲಂತೂ ಹೃತ್ಕುಕ್ಷಿಯ ಒಂದು ಭಾಗ ಇನ್ನೂ ವಿಧ್ರುವೀಕರಣಗೊಳ್ಳುತ್ತಿರುವಾಗಲೇ ಮೊದಲು ಎಚ್ಚೆತ್ತ ಭಾಗ ಹಿಂದಿರುಗಲು ತೊಡಗಿರುತ್ತದೆ. ಇದರ ಫಲವಾಗಿ ಕ್ಯೂಆರ್‌ಎಸ್‌ಗೆ ಅಂಟಿಕೊಂಡೇ ಒಂದು ದಿಬ್ಬ ಕಾಣಿಸುತ್ತದೆ. ಅದನ್ನು ಜೆ ಅಲೆ ಎನ್ನುತ್ತಾರೆ. ಅದು ಇಳಿಯುತ್ತ ನೇರವಾಗಿ ಟಿ ಅಲೆಯಲ್ಲಿ ಸೇರಿಹೋಗುತ್ತದೆ, ನಡುವೆ ಆಧಾರರೇಖೆಗೆ ಬಂದು ನಿಲ್ಲುವುದಿಲ್ಲ.

ಆರೋಗ್ಯವಂತ ಇಲಿಯ ಇಸಿಜಿಯಲ್ಲಿ ಇರಬೇಕಾದ ಆಕಾರವೇ ಇದು. ಮನುಷ್ಯರ ಇಸಿಜಿಗಾಗಿ ಬರೆದ ತಂತ್ರಾಂಶ, ಕ್ಯೂಆರ್‌ಎಸ್ ಮುಗಿದ ಮೇಲೆ ರೇಖೆ ಆಧಾರದಿಂದ ಮೇಲಿದೆ ಎಂದು ಕಂಡೊಡನೆ ಏರಿಕೆ ಎಂದು ಗುರುತು ಹಾಕುತ್ತದೆ. ಅದೂ ಎಲ್ಲಿ ಅಳೆಯುತ್ತದೆ ಎಂದು ಒಮ್ಮೆ ತೆರೆದು ನೋಡಿ. ಮನುಷ್ಯರಲ್ಲಿ ಕ್ಯೂಆರ್‌ಎಸ್ ಮುಗಿಯುವ ಜೆ ಬಿಂದುವಿನಿಂದ 60 ಅಥವಾ 80 ಮಿಲಿಸೆಕೆಂಡ್ ಆಚೆಗೆ ಎಸ್‌ಟಿ ಅಳೆಯುವ ರೂಢಿ ಇದೆ. ಇಲಿಯಲ್ಲಿ ಅಷ್ಟು ಹೊತ್ತಿಗೆ ಟಿ ಅಲೆಯೇ ಮುಗಿದಿರುತ್ತದೆ. ನಿಮಿಷಕ್ಕೆ 600 ಬಡಿಯುವ ಸುಂಡಿಲಿಯಲ್ಲಿ ಮುಂದಿನ ಬಡಿತದ ಪಿ ಅಲೆಯೇ ಬಂದಿರುತ್ತದೆ. ಹಾಗಾದರೆ ಐಸೊಪ್ರೊಟೆರಿನಾಲ್ ಕೊಟ್ಟ ಇಲಿಗಳಲ್ಲಿ ಎಸ್‌ಟಿ ಏರಿಕೆ ಎಂದು ವರದಿಯಾಗುವುದೆಲ್ಲ ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ. 85 ಮಿ.ಗ್ರಾಂ/ಕೆ.ಜಿ.ಯನ್ನು 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಕೊಟ್ಟಾಗ ಸ್ನಾಯು ನಿಜವಾಗಿಯೂ ಸಾಯುತ್ತದೆ, ಗಾಯದ ವಿದ್ಯುತ್ ಪ್ರವಾಹದಿಂದ ಈ ದಿಬ್ಬದ ಎತ್ತರವೂ ಬದಲಾಗುತ್ತದೆ. ಆದರೆ ಅಲ್ಲಿ ಅರ್ಥವಿರುವುದು ಬದಲಾವಣೆಗೆ. ಪ್ರತಿ ಇಲಿಯಲ್ಲೂ ಔಷಧಕ್ಕೆ ಮುಂಚೆ ಒಂದು ದಾಖಲೆ ತೆಗೆದಿಟ್ಟು, ಪಿಆರ್ ಭಾಗವನ್ನು ಆಧಾರವಾಗಿಟ್ಟುಕೊಂಡು, ಆರ್ ಶಿಖರದಿಂದ ನಿಗದಿತ ಮಿಲಿಸೆಕೆಂಡಿನಲ್ಲಿ ರೇಖೆಯ ಎತ್ತರವನ್ನು ಅಳೆದು, ಅದೇ ಇಲಿಯ ಹಿಂದಿನ ಎತ್ತರಕ್ಕೆ ಹೋಲಿಸಬೇಕು. ಹೃದಯಸ್ನಾಯು ಸತ್ತಾಗ ರಕ್ತಕ್ಕೆ ಸೇರುವ ಟ್ರೊಪೊನಿನ್ ಎಂಬ ಪ್ರೋಟೀನ್‌ನ ಅಳತೆ ಮತ್ತು ಅಂಗಾಂಶ ಪರೀಕ್ಷೆಯ ಬೆಂಬಲವಿಲ್ಲದೆ, ಇಸಿಜಿಯ ದಿಬ್ಬವೊಂದನ್ನೇ ನಂಬಿ ಹಾನಿ ತಡೆಯಲ್ಪಟ್ಟಿತು ಎಂದು ಬರೆಯುವುದನ್ನು ನಾನು ಒಪ್ಪಲಾರೆ.

ಉಪಕರಣದ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಸೆಕೆಂಡಿಗೆ 400 ಮಾದರಿ ಎಂದರೆ ಎರಡು ಬಿಂದುಗಳ ನಡುವೆ 2.5 ಮಿಲಿಸೆಕೆಂಡ್. ಇಲಿಯ 16 ಮಿಲಿಸೆಕೆಂಡಿನ ಕ್ಯೂಆರ್‌ಎಸ್‌ಗೆ ಸಿಗುವುದು ಆರೇಳು ಬಿಂದುಗಳು. ಒಂದು ಬಿಂದು ಆಚೀಚೆಯಾದರೆ ಶೇ 15ರಷ್ಟು ತಪ್ಪು. ಸುಂಡಿಲಿಯಲ್ಲಾದರೆ ನಾಲ್ಕೇ ಬಿಂದುಗಳು, ಗಜದ ಕೋಲಿನಲ್ಲಿ ಸಾಸಿವೆಯನ್ನು ಅಳೆದ ಹಾಗೆ. ಇಲಿಗೆ ಸೆಕೆಂಡಿಗೆ ಕನಿಷ್ಠ 1000, ಸುಂಡಿಲಿಗೆ 2000 ಮಾದರಿಗಳು ಬೇಕು. ಕಾಗದದ ಮೇಲೆ ಬರೆಯುವ ಆಸ್ಪತ್ರೆಯ ಯಂತ್ರಗಳನ್ನು ಬಳಸುವವರಿಗೂ ಇದೇ ತೊಡಕು: ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಸುಂಡಿಲಿಯ ಒಂದು ಇಡೀ ಬಡಿತ ಎರಡೂವರೆ ಮಿಲಿಮೀಟರಿನೊಳಗೆ ಮುಗಿಯುತ್ತದೆ, ಕ್ಯೂಆರ್‌ಎಸ್‌ಗೆ ಸಿಗುವುದು ಕಾಲು ಮಿಲಿಮೀಟರ್. ಅದರಿಂದ ಬಡಿತ ಎಣಿಸಬಹುದು, ಅಂತರ ಅಳೆಯಲಾಗದು.

ಫಿಲ್ಟರ್ ಇನ್ನೂ ಸೂಕ್ಷ್ಮ ವಿಷಯ. ಆಸ್ಪತ್ರೆಯ ಮಾನಿಟರ್‌ಗಳು 40 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿ ರೇಖೆಯನ್ನು ನುಣುಪಾಗಿಸುತ್ತವೆ. ದಂಶಕದ ಕ್ಯೂಆರ್‌ಎಸ್‌ನ ಬಹುಪಾಲು ಶಕ್ತಿ ಇರುವುದೇ ಅದರ ಮೇಲೆ. ಹಾಗೆ ಕತ್ತರಿಸಿದರೆ ಆರ್ ಅಲೆ ಕುಳ್ಳಗಾಗಿ, ಅಗಲವಾಗಿ ಕಾಣುತ್ತದೆ. ಕನಿಷ್ಠ 500 ಹರ್ಟ್ಸ್‌ವರೆಗೆ ಒಳಬಿಡಬೇಕು. ಈಗ ನಿಮ್ಮ 50 ಹರ್ಟ್ಸ್ ಫಿಲ್ಟರ್ ನೋಡಿ. ನಮ್ಮಲ್ಲಿ ಮನೆಗಳಿಗೂ ಪ್ರಯೋಗಾಲಯಗಳಿಗೂ ಬರುವ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಆ ಗುಂಯ್‌ಗುಡುವಿಕೆಯನ್ನು ತೆಗೆಯಲು ಅದನ್ನು ಹಾಕುತ್ತಾರೆ. ಆದರೆ ನಿಮಿಷಕ್ಕೆ 600 ಬಡಿತವೆಂದರೆ ಸೆಕೆಂಡಿಗೆ 10. ಹೀಗೆ ಮರುಕಳಿಸುವ ಸಂಕೇತ ಆ ಆವರ್ತನದ ಗುಣಕಗಳಿಂದ ಕೂಡಿರುತ್ತದೆ, ಅದರ ಐದನೇ ಗುಣಕ ಸರಿಯಾಗಿ 50 ಹರ್ಟ್ಸ್. ನಿಮಿಷಕ್ಕೆ 250 ಬಡಿಯುವ ಇಲಿಯಲ್ಲಿ ಹನ್ನೆರಡನೇ ಗುಣಕ ಅಲ್ಲಿಗೇ ಬಂದು ಬೀಳುತ್ತದೆ. ಫಿಲ್ಟರ್ ವಿದ್ಯುತ್ತಿನ ಗದ್ದಲದ ಜೊತೆಗೆ ಹೃದಯದ ಸಂಕೇತದ ಒಂದು ತುಣುಕನ್ನೂ ಕಿತ್ತುಹಾಕುತ್ತದೆ, ಅದರ ಕುರುಹಾಗಿ ಕ್ಯೂಆರ್‌ಎಸ್‌ನ ಹಿಂದೆ ಅಲುಗಾಟದ ಒಂದು ಬಾಲ ಉಳಿಯುತ್ತದೆ. ಆ ಬಾಲ ಬೀಳುವುದು ನೀವು ಎಸ್‌ಟಿ ಅಳೆಯುವ ಜಾಗದಲ್ಲೇ. ನಿಮ್ಮ ತಂತ್ರಾಂಶ ಗುರುತಿಸಿದ ಏರಿಕೆಯಲ್ಲಿ ಇದರ ಪಾಲೂ ಇರಬಹುದು.

ಗದ್ದಲವನ್ನು ಬೇರಿನಲ್ಲೇ ತಡೆಯುವುದು ಸರಿಯಾದ ಮಾರ್ಗ. ತಂತಿಗಳನ್ನು ಚಿಕ್ಕದಾಗಿಟ್ಟು ಒಂದಕ್ಕೊಂದು ಹೆಣೆಯಿರಿ. ಪ್ರಾಣಿ, ಮೇಜು, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಅರ್ಥಿಂಗ್ ಬಿಂದುವಿಗೆ ಜೋಡಿಸಿ. ಸಾಧ್ಯವಾದರೆ ಲೋಹದ ಜಾಲರಿಯ ಪಂಜರದೊಳಗೆ ಕೆಲಸ ಮಾಡಿ. ಪಕ್ಕದ ಸೆಂಟ್ರಿಫ್ಯೂಜ್, ಟ್ಯೂಬ್‌ಲೈಟ್ ಆರಿಸಿ. ಮೇಲೆ ಹೇಳಿದ ಕಾವಿನ ಹಾಸೇ ಎಷ್ಟೋ ಸಲ ಗದ್ದಲದ ಮೂಲವಾಗಿರುತ್ತದೆ. ಡಿಸಿ ವಿದ್ಯುತ್ತಿನಲ್ಲಿ ನಡೆಯುವ ಹಾಸು, ಇಲ್ಲವೇ ಬಿಸಿನೀರು ಹರಿಯುವ ಹಾಸು ಆ ತೊಂದರೆ ಕೊಡುವುದಿಲ್ಲ. ಕ್ರಾಕಡೈಲ್ ಕ್ಲಿಪ್‌ಗಳಿಗಿಂತ ತೆಳ್ಳನೆಯ ಸೂಜಿ ಎಲೆಕ್ಟ್ರೋಡ್‌ಗಳು ಉತ್ತಮ. ಅವು ಚರ್ಮದ ಕೆಳಗೆ ಮಾತ್ರ ಇರಬೇಕು. ಸ್ನಾಯುವಿಗೆ ಚುಚ್ಚಿದರೆ ಸ್ನಾಯುವಿನದೇ ವಿದ್ಯುತ್ತು ಬೆರೆಯುತ್ತದೆ, ಪ್ರಾಣಿಗೆ ಗಾಯವೂ ಹೆಚ್ಚು. ಲೀಡ್ 2 ಎಂಬ ತಂತಿ ಜೋಡಣೆಗೆ ಬಲ ಮುಂಗಾಲಿಗೆ ಋಣ, ಎಡ ಹಿಂಗಾಲಿಗೆ ಧನ, ಬಲ ಹಿಂಗಾಲಿಗೆ ಅರ್ಥ್. ಪಿ ಅಲೆಯೂ ಆರ್ ಅಲೆಯೂ ಕೆಳಮುಖವಾಗಿದ್ದರೆ ಪ್ರಾಣಿಯ ಬಗ್ಗೆ ಯೋಚಿಸುವ ಮುನ್ನ ತಂತಿ ಅದಲುಬದಲಾಗಿದೆಯೇ ನೋಡಿ. ಉಸಿರಾಟದೊಂದಿಗೆ ಆರ್ ಅಲೆಯ ಎತ್ತರ ಏರಿಳಿಯುವುದು ಸಹಜ. ಎದೆಯೊಳಗೆ ಹೃದಯ ಸ್ವಲ್ಪ ತಿರುಗುವುದರಿಂದ ಹಾಗಾಗುತ್ತದೆ.

ಸ್ವಚ್ಛವಾದ ದಾಖಲೆ ಸಿಕ್ಕ ಮೇಲೆ ಒಂದೊಂದೇ ಬಡಿತವನ್ನು ಕಣ್ಣಿನಿಂದ ಅಳೆಯುವ ಬದಲು, ಸ್ಥಿರವಾಗಿರುವ ಒಂದು ಭಾಗದಿಂದ ನೂರು ಬಡಿತಗಳನ್ನು ಆರ್ ಶಿಖರಕ್ಕೆ ಹೊಂದಿಸಿ ಸರಾಸರಿ ಮಾಡಿ. ಸಂಕೇತ ಹಾಗೆಯೇ ಉಳಿದು, ಯಾದೃಚ್ಛಿಕ ಗದ್ದಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಚಿಕ್ಕ ಪಿ ಅಲೆಯ ಆರಂಭ, ಟಿ ಅಲೆಯ ಕೊನೆ ಆಗ ಕಾಣಿಸುತ್ತವೆ. ಅಳೆಯುವವರಿಗೆ ಆ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ಅಂಕಿಅಂಶದ ಲೆಕ್ಕದಲ್ಲಿ ಎಣಿಕೆಗೆ ಬರುವುದು ಇಲಿಗಳ ಸಂಖ್ಯೆ ಮಾತ್ರ. ಆರು ಇಲಿಗಳಿಂದ ಆರು ನೂರು ಬಡಿತ ಅಳೆದರೂ ಸಂಖ್ಯೆ ಆರೇ.

ಕ್ಯೂಟಿಯನ್ನು ಬಡಿತಕ್ಕೆ ತಕ್ಕಂತೆ ತಿದ್ದುವ ಬಗ್ಗೆ ನೀವು ಕೇಳಿಲ್ಲವಾದರೂ ನಿಮ್ಮ ತಂತ್ರಾಂಶ ಅದನ್ನು ತಾನಾಗಿಯೇ ಮಾಡುತ್ತಿರುತ್ತದೆ, ಆದ್ದರಿಂದ ಹೇಳಲೇಬೇಕು. ಬ್ಯಾಜೆಟ್ 1920ರಲ್ಲಿ ಕೊಟ್ಟ ಸೂತ್ರ ಮನುಷ್ಯರ ಅಳತೆಗಳಿಂದ ಬಂದದ್ದು. ಕ್ಯೂಟಿಯನ್ನು ಸೆಕೆಂಡುಗಳಲ್ಲಿರುವ ಆರ್‌ಆರ್ ಅಂತರದ (ಒಂದು ಆರ್ ಶಿಖರದಿಂದ ಮುಂದಿನದರವರೆಗಿನ ಕಾಲದ) ವರ್ಗಮೂಲದಿಂದ ಭಾಗಿಸುತ್ತದೆ. ಒಂದು ಇಲಿಯ ಕ್ಯೂಟಿ 80 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಬಡಿತ 240 ಇದ್ದಾಗ ಆರ್‌ಆರ್ 250 ಮಿಲಿಸೆಕೆಂಡ್, ತಿದ್ದಿದ ಕ್ಯೂಟಿ 160 ಬರುತ್ತದೆ. ಕ್ಯೂಟಿ ಕಿಂಚಿತ್ತೂ ಬದಲಾಗದೆ ಬಡಿತ ಮಾತ್ರ 375ಕ್ಕೆ ಏರಿದರೆ ಆರ್‌ಆರ್ 160, ತಿದ್ದಿದ ಕ್ಯೂಟಿ 200. ಹೃದಯದ ಮರುಧ್ರುವೀಕರಣದಲ್ಲಿ ಏನೂ ಆಗದಿದ್ದರೂ ಸೂತ್ರ 40 ಮಿಲಿಸೆಕೆಂಡಿನ ವ್ಯತ್ಯಾಸವನ್ನು ಹುಟ್ಟಿಸಿತು. ಸುಂಡಿಲಿಗಾಗಿ ಮಿಚೆಲ್ ಮತ್ತು ಸಂಗಡಿಗರು 1998ರಲ್ಲಿ ಆರ್‌ಆರ್ ಅನ್ನು 100 ಮಿಲಿಸೆಕೆಂಡಿನಿಂದ ಭಾಗಿಸಿ ಆಮೇಲೆ ವರ್ಗಮೂಲ ತೆಗೆಯುವ ಸೂತ್ರ ಕೊಟ್ಟರು; ಇಲಿಗೆ 100ರ ಜಾಗದಲ್ಲಿ 150 ಹಾಕುವುದುಂಟು. ಇದರಿಂದ ಬರುವ ಅಂಕಿ ದಂಶಕದ ನಿಜ ಕ್ಯೂಟಿಯ ಹತ್ತಿರ ಇರುತ್ತದೆ, ಆದರೆ ವರ್ಗಮೂಲದ ಸಂಬಂಧವನ್ನೇ ಪ್ರಶ್ನಿಸಿದ ಅಧ್ಯಯನಗಳು ಆಮೇಲೆ ಬಂದವು: ಎಚ್ಚರದ ಸುಂಡಿಲಿಯಲ್ಲಿ ಬಡಿತ ಬದಲಾದಾಗ ಕ್ಯೂಟಿ ಬಹಳ ಕಡಿಮೆ ಬದಲಾಗುತ್ತದೆ. ನನ್ನ ಸಲಹೆ ಇಷ್ಟು: ತಿದ್ದದ ಕ್ಯೂಟಿ, ಆರ್‌ಆರ್ ಎರಡನ್ನೂ ಪಟ್ಟಿಯಲ್ಲಿ ಕೊಡಿ; ತಿದ್ದಿದ ಮೌಲ್ಯ ಕೊಡುವುದಾದರೆ ಯಾವ ಸೂತ್ರವೆಂದು ಬರೆಯಿರಿ; ಬ್ಯಾಜೆಟ್ ಸೂತ್ರವನ್ನು ಹಾಗೆಯೇ ಬಳಸಬೇಡಿ.

ಅರಿವಳಿಕೆಯೇ ಇಲ್ಲದೆ ಅಳೆಯುವ ಮಾರ್ಗ ಟೆಲಿಮೆಟ್ರಿ. ಚಿಕ್ಕ ಪ್ರೇಷಕವೊಂದನ್ನು ಹೊಟ್ಟೆಯೊಳಗೋ ಬೆನ್ನಿನ ಚರ್ಮದ ಕೆಳಗೋ ಇಟ್ಟು, ತಂತಿಗಳನ್ನು ಚರ್ಮದಡಿ ಎಳೆದು ಎದೆಯ ಎರಡು ಕಡೆ ಹೊಲಿಯುತ್ತಾರೆ. ಒಂದೆರಡು ವಾರ ಚೇತರಿಸಿಕೊಂಡ ಮೇಲೆ ಪ್ರಾಣಿ ಗೂಡಿನಲ್ಲಿ ತನ್ನ ಪಾಡಿಗೆ ಇರುವಾಗಲೇ ದಿನಗಟ್ಟಲೆ ದಾಖಲೆ ಸಿಗುತ್ತದೆ. ದಂಶಕಗಳು ರಾತ್ರಿ ಚುರುಕಾಗಿರುವುದರಿಂದ ಬಡಿತ ಕತ್ತಲೆಯ ಅವಧಿಯಲ್ಲಿ ಹೆಚ್ಚು, ಹಗಲಿನಲ್ಲಿ ಕಡಿಮೆ. ಸಹಜ ಮೌಲ್ಯಕ್ಕೆ ಅತ್ಯಂತ ಹತ್ತಿರ ಬರುವ ವಿಧಾನ ಇದೇ ಎಂದು ನಾನು ತಿಳಿದಿದ್ದೇನೆ, ಆದರೂ ಇದಕ್ಕೂ ಅದರದೇ ಷರತ್ತುಗಳಿವೆ. ಎರಡು ಗ್ರಾಂ ಪ್ರೇಷಕ ಎಂದರೆ 25 ಗ್ರಾಂ ಸುಂಡಿಲಿಗೆ ಮೈತೂಕದ ಶೇ 8. ನಮಗೆ ಹಿತವೆನಿಸುವ 22 ಡಿಗ್ರಿಯ ಕೊಠಡಿ ಸುಂಡಿಲಿಗೆ ಚಳಿ; ಮೈ ಬೆಚ್ಚಗಿಡಲು ಅದರ ಸಿಂಪಥೆಟಿಕ್ ನರಗಳು ಸದಾ ದುಡಿಯುತ್ತಿರುತ್ತವೆ. ಅದೇ ಪ್ರಾಣಿಯನ್ನು 30 ಡಿಗ್ರಿಯಲ್ಲಿಟ್ಟರೆ ಔಷಧವಿಲ್ಲದೆಯೇ ಬಡಿತ 400ಕ್ಕಿಂತ ಕೆಳಗೂ ಇಳಿಯುತ್ತದೆ. ಪ್ರಪಂಚದ ಪ್ರಯೋಗಾಲಯಗಳು ಸುಂಡಿಲಿಯ ಸಹಜ ಬಡಿತವೆಂದು ಬರೆದಿಟ್ಟಿರುವ ಬಹುಪಾಲು ಅಂಕಿಗಳು ಚಳಿಯಲ್ಲಿರುವ ಪ್ರಾಣಿಯ ಅಂಕಿಗಳು ಎಂಬುದು ನನಗೆ ಇಂದಿಗೂ ಬಹಳ ಮಹತ್ವದ್ದಾಗಿ ತೋರುವ ಸಂಗತಿ. ಎಚ್ಚರದ ಪ್ರಾಣಿಯನ್ನು ಕೊಳವೆಯಲ್ಲಿ ಬಂಧಿಸಿ ಅಳೆಯುವುದು ಇದಕ್ಕೆ ಬದಲಿಯಲ್ಲ. ಅದು ಗಾಬರಿಯ ಅಳತೆ. ಪಂಜ ಇಟ್ಟೊಡನೆ ಸಂಕೇತ ಹಿಡಿಯುವ ಎಲೆಕ್ಟ್ರೋಡ್ ಹಾಸುಗಳು ಇವೆ. ಮೊದಲೇ ರೂಢಿ ಮಾಡಿಸಿದರೆ ಅವು ಎಷ್ಟೋ ವಾಸಿ.

ಸುಂಡಿಲಿ ಬಳಸಿದ್ದರೆ ಸುಲಭವಾಗುತ್ತಿತ್ತೇ ಎಂಬುದಕ್ಕೆ ನನ್ನ ಉತ್ತರ, ಇಲ್ಲ. ಜೀನ್ ಬದಲಿಸಿದ ತಳಿಗಳು ಬೇಕಾದವರಿಗೆ ಸುಂಡಿಲಿ ಅನಿವಾರ್ಯ. ನಿಮ್ಮ ಪ್ರಶ್ನೆಗೆ ಅದು ಮೇಲಿನ ತೊಡಕುಗಳನ್ನೆಲ್ಲ ಹೆಚ್ಚಿಸುತ್ತಿತ್ತು. ನಿಮ್ಮ ಸಸ್ಯಸಾರ ಕ್ಯೂಟಿಯನ್ನು ಉದ್ದಮಾಡುವ ಅಪಾಯ ಇದೆಯೇ ಎಂದು ಮುಂದೆ ನೋಡಬೇಕಾದರೆ ಇಲಿಯೂ ಬೇಡ, ಸುಂಡಿಲಿಯೂ ಬೇಡ. ಮನುಷ್ಯನಲ್ಲಿ ಔಷಧಗಳಿಂದ ಕ್ಯೂಟಿ ಉದ್ದವಾಗುವುದು ಹೆಚ್ಚಾಗಿ ಹೆರ್ಗ್ ಎಂಬ ಪೊಟ್ಯಾಸಿಯಂ ನಾಳ ಮುಚ್ಚುವುದರಿಂದ. ಬೆಳೆದ ಇಲಿ, ಸುಂಡಿಲಿಗಳ ಮರುಧ್ರುವೀಕರಣದಲ್ಲಿ ಆ ನಾಳದ ಪಾತ್ರ ಅತ್ಯಲ್ಪ. ಅದನ್ನು ಮುಚ್ಚುವ ಔಷಧವನ್ನು ಕೊಟ್ಟರೂ ಇಸಿಜಿ ಬಹುತೇಕ ಹಾಗೆಯೇ ಇರುತ್ತದೆ, ಸುರಕ್ಷಿತ ಎಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಗಿನಿಪಿಗ್‌ನಲ್ಲಿ ಆ ತಟ್ಟನೆಯ ಪ್ರವಾಹ ಇಲ್ಲ, ಹೆರ್ಗ್ ಕೆಲಸ ಮಾಡುತ್ತದೆ, ಎಸ್‌ಟಿ ಭಾಗವೂ ಬಿಡಿಬಿಡಿಯಾದ ಟಿ ಅಲೆಯೂ ಕಾಣುತ್ತವೆ.

ಈಗಾಗಲೇ ತೆಗೆದಿರುವ ದಾಖಲೆಗಳನ್ನು ಎಸೆಯಬೇಡಿ. ಅವುಗಳ ಹಿಂದೆ ಪ್ರಾಣಿಗಳಿವೆ. ಫಿಲ್ಟರ್ ಅನ್ನು ತಂತ್ರಾಂಶದಲ್ಲಿ ಹಾಕಿದ್ದರೆ ಮೂಲ ಕಡತ ಹಾಗೆಯೇ ಇರುತ್ತದೆ. ಫಿಲ್ಟರ್ ತೆಗೆದು, ಬಡಿತಗಳ ಸರಾಸರಿ ಮಾಡಿ ಮತ್ತೆ ಓದಿ. ಯಂತ್ರದಲ್ಲೇ ಹಾಕಿದ್ದರೆ ಅದನ್ನು ಹಿಂದಕ್ಕೆ ಪಡೆಯಲಾಗದು. ಹೃದಯಬಡಿತ ಮತ್ತು ಲಯ 400ರ ಮಾದರಿಯಲ್ಲೂ ನಂಬಬಹುದಾದವು, ಪಿಆರ್ ಅನ್ನು ಎಚ್ಚರಿಕೆಯಿಂದ ಬಳಸಬಹುದು, ಕ್ಯೂಆರ್‌ಎಸ್ ಅವಧಿಯನ್ನು ಮಾತ್ರ ಪ್ರಬಂಧದಲ್ಲಿ ಸೇರಿಸಬೇಡಿ. ಮುಂದಿನ ಗುಂಪುಗಳಿಗೆ ವಿಧಾನ ಬದಲಿಸುವುದಾದರೆ ಹಳೆಯ ನಿಯಂತ್ರಣ ಗುಂಪಿನೊಂದಿಗೆ ಹೋಲಿಸಲು ಬಾರದು. ಹೊಸ ನಿಯಂತ್ರಣ ಇಲಿಗಳು ಬೇಕಾಗುತ್ತವೆ. ಅರಿವಳಿಕೆಯ ಬದಲಾವಣೆಗೂ ಹೆಚ್ಚುವರಿ ಪ್ರಾಣಿಗಳಿಗೂ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಅರ್ಜಿಯಲ್ಲಿ ಕಾರಣವನ್ನು ಮುಚ್ಚಿಡದೆ, ಈಗಿನ ದಾಖಲೆಯ ಮಿತಿಯನ್ನೂ ಹೊಸ ವಿಧಾನದಲ್ಲಿ ಪ್ರತಿ ಇಲಿಯೂ ತನ್ನದೇ ಮುಂಚಿನ ದಾಖಲೆಗೆ ಹೋಲಿಕೆಯಾಗುವುದರಿಂದ ಗುಂಪಿಗೆ ಎಷ್ಟು ಇಲಿ ಸಾಕು ಎಂಬ ಲೆಕ್ಕವನ್ನೂ ಬರೆಯಿರಿ.